ಮಣ್ಣು ಹಾಕಿದವರ ಪಟ್ಟಿ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸದಾ ನೇರಳೆ ಬಣ್ಣಕ್ಕಿರುತ್ತಿದ್ದವು. ಎಷ್ಟು ತೊಳೆದರೂ ಹೋಗದ ಬಣ್ಣ. ಕೊಳ್ಳೇಗಾಲದ ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಪತ್ರ ಬರೆಯುತ್ತಿದ್ದ ಅವರು, ಓದು ಬಾರದವರ ಹೆಬ್ಬೆರಳನ್ನು ತಾವೇ ಹಿಡಿದು ಶಾಯಿಗೆ ಒತ್ತಿ ಕಾಗದದ ಮೇಲೆ ಊರಿಸುತ್ತಿದ್ದರು. ಎಲ್ಲರಿಗೂ ಅವರು ರೈಟರು. ಬಣ್ಣ ನೇರಳೆಯೋ ನೀಲಿಯೋ ಎಂದು ಈಗ ಅನುಮಾನ ಬರುತ್ತದೆ. ನೇರಳೆ ಎಂದೇ ಬರೆದುಕೊಳ್ಳುತ್ತೇನೆ.

ಅಪ್ಪ ತೀರಿಕೊಂಡ ಮರುತಿಂಗಳು ಅಣ್ಣನೂ ನಾನೂ ಆ ಮೇಜಿನ ಮುಂದೆ ಕೂತೆವು. ನಮ್ಮವ್ವ ಮೊದಲೇ ತೀರಿಕೊಂಡಿದ್ದಳು, ಅಪ್ಪ ವಿಲ್ ಬರೆದಿಟ್ಟಿರಲಿಲ್ಲ. ಮಧುವನಹಳ್ಳಿಯ ಹಿಪ್ಪುನೇರಳೆ ತೋಟ ಮಕ್ಕಳ ಹೆಸರಿಗೆ ಬರಬೇಕಾದರೆ ಪೌತಿ ಖಾತೆ ಆಗಬೇಕು. ಅದಕ್ಕೆ ವಂಶವೃಕ್ಷ ಬೇಕು. ವಂಶವೃಕ್ಷಕ್ಕೆ, ಸತ್ತವರಿಗೆ ಇಷ್ಟೇ ಜನ ವಾರಸುದಾರರು ಎಂದು ನಾವು ಪ್ರಮಾಣ ಮಾಡಿ ಸಹಿ ಹಾಕಿದ ಕಾಗದ ಬೇಕು. ಅಣ್ಣ ಬಸ್ಸಿನಲ್ಲೇ ಪಾಠ ಹೇಳಿಕೊಟ್ಟಿದ್ದ.

"ಇಬ್ರೇ ಮಕ್ಳು ಅಂತ ಏಳು. ಆಮೇಕೆ ನಿನ್ ಹಕ್ಕ ನಂಗ ಬುಟ್ಕೊಡು. ಮುಗೀತು."

ಇಬ್ಬರೇ ಆಗಿರಲಿಲ್ಲ. ಅಪ್ಪನ ಮೊದಲ ಹೆಂಡತಿಯ ಮಗಳೊಬ್ಬಳಿದ್ದಳು, ನಮ್ಮಿಬ್ಬರಿಗೂ ಅಕ್ಕ. ತಾಯಿ ಸತ್ತ ಮೇಲೆ ಅಜ್ಜೀಪುರದ ಸೋದರಮಾವನ ಮನೆಯಲ್ಲೇ ಬೆಳೆದು, ಅಲ್ಲೇ ಮದುವೆಯಾಗಿದ್ದಳು. "ಅವ್ಳಿಗ ಮದ್ವೇಲೇ ಕೊಟ್ಟಾಗದೆ, ಈಗ್ಯಾಕೆ ಅವ್ಳ ಸುದ್ದಿ?" ಎಂಬುದು ಅಣ್ಣನ ವಾದ. ನಾನು ಮೈಸೂರಿನಲ್ಲಿ ಎಂ.ಎ. ಓದಿದವಳು, ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಕಾಲೇಜಿನ ವೇದಿಕೆಯಲ್ಲಿ ಮಾತಾಡಿದವಳು. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತೆ.

ವಾರಸುದಾರರು ಯಾರು ಎಂದು ರೈಟರು ಕೇಳುತ್ತಲೇ ಇರಲಿಲ್ಲ. ಹಾಗೆ ಕೇಳಿದರೆ ಜನ ಮನೆಯಲ್ಲಿ ಕಲಿತು ಬಂದದ್ದನ್ನು ಒಪ್ಪಿಸುತ್ತಾರೆಂದು ಅವರಿಗೆ ಗೊತ್ತಿತ್ತು. ನಮ್ಮ ಕಡೆ ಹೂಳುವಾಗ ಹೆಂಗಸರೂ ಗುಂಡಿಯವರೆಗೆ ಹೋಗಿ ಮೂರು ಹಿಡಿ ಮಣ್ಣು ಹಾಕುತ್ತಾರೆ. ಅವರ ಪ್ರಶ್ನೆ ಅಲ್ಲಿಂದ ಶುರುವಾಗುತ್ತಿತ್ತು.

"ಗುಂಡಿಗ ಮೊದ್ಲು ಮಣ್ಣಾಕ್ದೋರು ಯಾರು?"

"ನಾನೇಯ" ಎಂದ ಅಣ್ಣ.

"ಆಮೇಕೆ?"

"ಇವ್ಳು, ನನ್ ತಂಗಿ."

"ಆಮೇಕೆ?"

ಅಣ್ಣ ನಕ್ಕ. "ಅದೇನ್ ಸಾ, ಊರ್ಗೂರೇ ಆಕ್ತು. ಎಲ್ರ್ಗೂವೆ ಖಾತೆ ಮಾಡ್ಕೊಟ್ಟೀರಾ?"

"ಊರೋರ ಸುದ್ದಿ ಬ್ಯಾಡಿ, ಮನೆಯೋರ ಸುದ್ದಿ ಏಳಿ." ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನೀವೇಳಿ ತಾಯಿ. ಇನ್ಯಾರಾರ ಬಂದಿದ್ರಾ?"

ಬಂದಿದ್ದಳು. ಎಲ್ಲರೂ ಹಾಕಿ ಹಿಂದೆ ಸರಿದ ಮೇಲೆ ಜನರ ನಡುವಿನಿಂದ ಬಂದು, ಬಗ್ಗಿ, ಮೂರು ಹಿಡಿ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಮನೆಗೂ ಬಾರದೆ ಬಸ್ಸಿಗೆ ಹೋಗಿದ್ದಳು. ಮೇಜಿನ ಕೆಳಗೆ ಅಣ್ಣನ ಮೊಣಕಾಲು ನನ್ನ ಮೊಣಕಾಲನ್ನು ಒತ್ತಿತು.

ನಾನಾಗ "ಅಕ್ಕ ಬಂದಿದ್ದಳು" ಎಂದೆ ಎಂದೇ ಇಷ್ಟು ದಿನ ನಂಬಿದ್ದೆ. ಮೊನ್ನೆ ಅಂದಿನ ದಿನಚರಿ ತೆಗೆದು ನೋಡಿದೆ. ಹಾಗೇನೂ ಇಲ್ಲ. 'ತಲೆ ತಗ್ಗಿಸಿ ಕೂತೆ. ರೈಟರಿಗೆ ಗೊತ್ತಾಗಿಹೋಯಿತು' ಎಂದಷ್ಟೇ ಇದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಈ ಕಾಗ್ದ ನಾ ಬರಿಯಕಿಲ್ಲ ಸಾ."

"ಕೊಳ್ಳೇಗಾಲ್ದಲ್ಲಿ ನೀವೊಬ್ರೇನಾ ಬರಿಯೋರು?"

"ಇಲ್ಲಿಂದ ಮೂರ್ನೇ ಮೇಜು. ನೆಳ್ಳೂ ಅದೆ, ಕುರ್ಚಿನೂ ಅದೆ. ಓಗಿ."

ಅಲ್ಲಿ ಅರ್ಧ ಗಂಟೆಯಲ್ಲಿ ಕಾಗದ ಟೈಪಾಯಿತು. ಅಣ್ಣ ಸಹಿ ಹಾಕಿ ಪೆನ್ನನ್ನು ನನ್ನ ಕೈಗೆ ತುರುಕಿದ. "ಬಿರ್ರನೆ ಆಕು. ನೋಟ್ರಿ ಊಟಕ್ಕ ಎದ್ದೋಯ್ತರೆ."

ಅಷ್ಟರಲ್ಲಿ ರೈಟರ ಮೇಜಿನಿಂದ ಮಾತು ಕೇಳಿಸಿತು. ಅವರು ಯಾರೋ ಒಬ್ಬ ಮುದುಕಿಯ ಹೆಬ್ಬೆರಳಿಗೆ ಶಾಯಿ ಹಚ್ಚಿ, ಕಾಗದಕ್ಕೆ ತಾಗಿಸದೆ ಮೇಲೆಯೇ ಹಿಡಿದಿದ್ದರು. ಅವಳ ಮಗ ಗೊಣಗುತ್ತಿದ್ದ.

"ಒತ್ಸಿ ಸಾ, ಓದುದ್ರ ಅವ್ಳಿಗೇನ್ ತಿಳ್ದದು? ಬಸ್ ಓಯ್ತದೆ."

"ಓಗ್ಲಿ ಬುಡಪ್ಪ, ನಾಳಕ್ಕೂ ಬತ್ತದೆ." ಆಮೇಲೆ ಮುದುಕಿಗೆ: "ಅವ್ವ, ಓದ್ತೀನಿ, ಕೇಳುಸ್ಕ. ಸುಳ್ಳು ಬಂದ್ರ ಬೆರ್ಳು ಕಿತ್ಕ."

ಅವರು ಜೋರಾಗಿ ಓದತೊಡಗಿದರು. ನನ್ನ ಕೈಲಿದ್ದ ಕಾಗದವನ್ನು ನಾನು ಓದಿರಲೇ ಇಲ್ಲ. ನಾನೂ ಮೆಲ್ಲನೆ ದನಿ ತೆಗೆದು ಓದಿಕೊಂಡೆ. 'ಮೇಲ್ಕಂಡ ಇಬ್ಬರನ್ನು ಹೊರತುಪಡಿಸಿ ಮೃತರಿಗೆ ಬೇರೆ ಯಾರೂ ವಾರಸುದಾರರು ಇರುವುದಿಲ್ಲ.' ಅಲ್ಲಿಗೆ ಬಂದಾಗ ಕೈ ತಾನಾಗಿ ಹಿಂದಕ್ಕೆ ಬಂತು. ಪೆನ್ನು ನೆಲಕ್ಕೆ ಬಿತ್ತು.

ಅಕ್ಕನ ಮೇಲಿನ ಅಕ್ಕರೆಯೋ, ಸುಳ್ಳು ಪ್ರಮಾಣ ಮಾಡಿ ಸಿಕ್ಕಿಬೀಳುವ ಭಯವೋ? ಎಷ್ಟು ಸಲ ಕೇಳಿಕೊಂಡರೂ ಒಂದೇ ಉತ್ತರ ಬರುವುದಿಲ್ಲ.

"ನಿನ್ನ ಓದ್ಸಿದ್ದೇ ತಪ್ಪಾಯ್ತು ಕಣೇ" ಎಂದು ಅಣ್ಣ ಆ ಕಾಗದ ಹರಿದು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ನಾನು ಕಾಲೆಳೆದುಕೊಂಡು ರೈಟರ ಮೇಜಿಗೆ ಮರಳಿ ಅಜ್ಜೀಪುರದ ಅಕ್ಕನ ವಿಷಯ ಹೇಳಿದೆ. ಅವರು ಹೊಗಳಲಿಲ್ಲ, ಬುದ್ಧಿ ಹೇಳಲಿಲ್ಲ. "ಅಜ್ಜೀಪುರದ ಬಸ್ಸು ಎರಡೂವರೆಗದೆ. ಅವ್ರ ಆಧಾರ್ ಕಾರ್ಡ್ ತಕಂಡು ಅವ್ರನ್ನೂ ಕರ್ಕಬನ್ನಿ" ಎಂದರು, ಅಷ್ಟೆ.

ಆ ಮಧ್ಯಾಹ್ನ ಅಕ್ಕ ಬಾಗಿಲಲ್ಲೇ ನಿಂತು ನನ್ನ ಮಾತೆಲ್ಲ ಕೇಳಿ, "ತೋಟ ಅತ್ಲಾಗಿರ್ಲಿ ಕಣವ್ವ. ಅಪ್ಪನ್ ಮಕ್ಳಲ್ಲಿ ನನ್ನೆಸ್ರು ಬರ್ದರಾ?" ಎಂದಳು. ಅಣ್ಣ ಸಹಿ ಹಾಕಲು ಒಂದು ವರ್ಷ ಸತಾಯಿಸಿದ. ಕೊನೆಗೆ ಮೂವರೂ ಒಂದೇ ಬೆಂಚಿನಲ್ಲಿ ಕೂತ ದಿನ ರೈಟರು ವಂಶವೃಕ್ಷವನ್ನು ಕೈಯಿಂದಲೇ ಬರೆದರು. ಹಿರಿಯಳೆಂದು ಅಕ್ಕನ ಹೆಸರನ್ನು ಮೊದಲು ಬರೆದರು. ಅವಳ ಹೆಬ್ಬೆರಳನ್ನು ಹಿಡಿದುಕೊಂಡೇ ಪೂರ್ತಿ ಓದಿ ಹೇಳಿದರು. ಅವಳು ಬೆರಳು ಕೀಳಲಿಲ್ಲ.

ಕಳೆದ ತಿಂಗಳು ರೈಟರು ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮನೆಯವರೆಲ್ಲ ಮಣ್ಣು ಹಾಕಿ ಆಗಿತ್ತು. ನನಗಿಂತ ಮೊದಲೇ ಅಜ್ಜೀಪುರದಿಂದ ಬಂದಿದ್ದ ಅಕ್ಕ ಗುಂಡಿಯ ಅಂಚಿನಲ್ಲಿ ಬಗ್ಗಿ ಮಣ್ಣು ತೆಗೆದುಕೊಳ್ಳುತ್ತಿದ್ದಳು. ನಾನೂ ಪಕ್ಕದಲ್ಲಿ ಬಗ್ಗಿದೆ.

"ಯಾರವ್ವ ನೀವು? ಇವ್ರು ನಿಮ್ಗ ಏನಾಗ್ಬೇಕು?" ಎಂದರು ಅವರ ಮನೆಯ ಹಿರಿಯರೊಬ್ಬರು.

ಅಕ್ಕ ಮೂರನೆಯ ಹಿಡಿ ಹಾಕಿ ಎದ್ದು ನಿಂತಳು.

"ನನ್ನೆಸ್ರು ಬರ್ದೋರು ಕಣಪ್ಪ" ಎಂದಳು.