ಸಾವ್ಕಾರರ ಮೊದಲ ತಂಬಿಗೆ

ಸಾವ್ಕಾರರ ಹುಬ್ಬಿನಲ್ಲಿ ಸದಾ ಕಲ್ಲಿನ ಪುಡಿ ಕೂತಿರುತ್ತಿತ್ತು. ಹಣೆಯ ವಿಭೂತಿ ಎಲ್ಲಿ ಮುಗಿಯಿತು, ಪುಡಿ ಎಲ್ಲಿ ಶುರುವಾಯಿತು ಎಂದು ಹೇಳಲಾಗುತ್ತಿರಲಿಲ್ಲ. ತಾಂಡೂರಿನಲ್ಲಿ ಅವರದು ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಕಾರ್ಖಾನೆ. ನನ್ನ ಅವ್ವ ಅಲ್ಲಿ ಲಾರಿಗೆ ಕಲ್ಲು ಹೇರುತ್ತಿದ್ದಳು. ಲಾರಿ ಬರುವ ತನಕ ಕೂಲಿ ಹೆಂಗಸರೆಲ್ಲ ಗೇಟಿನ ಎದುರಿನ ಅಡ್ಡಾದಲ್ಲಿ, ಬಟಾಬಯಲಿನಲ್ಲಿ ನಿಲ್ಲಬೇಕು.

ಜಿಪುಣರಲ್ಲ ಅವರು. ಯಾರದೋ ಮಗಳ ಮದುವೆ, ಯಾರದೋ ಆಪರೇಷನ್, ಗೇಟಿಗೆ ಬಂದವರು ಬರಿಗೈಲಿ ಹೋದದ್ದಿಲ್ಲ. ನನ್ನ ಬಿ.ಎಡ್. ಫೀಸು ಕಟ್ಟಿದ್ದೂ ಅವರೇ. ಆದರೆ ನಾಲ್ಕು ಜನ ಕೂತಿರುವ ಹೊತ್ತು ನೋಡಿ ಕರೆಸುತ್ತಿದ್ದರು. ಕೊಟ್ಟ ಮೇಲೆ ನಮ್ಮ ಮುಖವನ್ನೇ ನೋಡುತ್ತ ಕೂರುತ್ತಿದ್ದರು. ನಾವು ಕೈ ಮುಗಿದ ಕೂಡಲೇ ಅವರ ಮುಖ ಹಸುಗೂಸಿನ ಹಾಗೆ ಅರಳುತ್ತಿತ್ತು.

ಬೇಸಿಗೆಯಲ್ಲಿ ಗೇಟಿನ ಮುಂದೆ ಅರವಟ್ಟಿಗೆ ಇಡಿಸುತ್ತಿದ್ದರು. ಸಾಲಾಗಿ ಮಣ್ಣಿನ ಕೊಡ, ಮೇಲೆ ಒದ್ದೆ ಕೆಂಪು ಬಟ್ಟೆ. ದಿನದ ಮೊದಲ ತಂಬಿಗೆ ನೀರು ಅವರ ಕೈಯಿಂದಲೇ ಬೀಳಬೇಕು. ಆಮೇಲೆ ವಾಚ್‌ಮನ್ ಹಾಕಬಹುದು. ಇದಕ್ಕೆ ತಪ್ಪಿದ ಒಬ್ಬ ವಾಚ್‌ಮನ್ ಕೆಲಸ ಕಳೆದುಕೊಂಡಿದ್ದ.

ಒಂದು ವರ್ಷ ಪುರಸಭೆಯವರು ವಾರ್ಡಿನ ಸಭೆ ಕರೆದರು. ಬಿಸಿಲು ಮೊದಲಿನಂತಿಲ್ಲ, ಹವಾಮಾನವೇ ಬದಲಾಗಿದೆ, ಇನ್ನು ಮುಂದೆ ಹೆಚ್ಚುತ್ತಲೇ ಹೋಗುತ್ತದೆ ಎಂದು ಅಧಿಕಾರಿ ತೆಲುಗಿನಲ್ಲಿ ವಿವರಿಸಿದ. ಮನೆ ತೆರಿಗೆ ಸ್ವಲ್ಪ ಏರಿಸಿದರೆ ಅಡ್ಡಾಕ್ಕೆ ಚಾವಣಿ, ನಲ್ಲಿ, ರಸ್ತೆಗೆ ಗಿಡ ಎಲ್ಲ ಆಗುತ್ತದೆ ಎಂದ. ಸಾವ್ಕಾರರು ಎದ್ದು ನಿಂತರು.

"ಬಿಸಲು ಶಿವ ಕೊಟ್ಟದ್ದರಿ ಸಾಹೇಬ್ರ. ಅದಕ್ಕ ನಾವ್ಯಾಕ ಟ್ಯಾಕ್ಸ್ ಕಟ್ಟಬೇಕು? ನೀರಡಸಿದವ್ರು ನನ್ನ ಗೇಟಿಗೆ ಬರ್ಲಿ."

ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಮನೆ ಇದ್ದವರು ತಟ್ಟಿದರು, ಅದು ಸರಿ. ಸ್ವಂತದ ಗೋಡೆಯೂ ಇಲ್ಲದ, ಒಂದು ಪೈಸೆ ಮನೆ ತೆರಿಗೆ ಕಟ್ಟಬೇಕಿಲ್ಲದ ಅಡ್ಡಾದ ಹೆಂಗಸರು ಅವರಿಗಿಂತ ಜೋರಾಗಿ ತಟ್ಟಿದರು. ಅವ್ವನೂ ತಟ್ಟಿದಳು. ನನಗೆ ಸಿಟ್ಟು ಬಂತು, ಮನೆಗೆ ಬಂದು ಕೂಗಾಡಿದೆ. ಸಾವ್ಕಾರರು ನಮ್ಮ ಮಂದಿ, ಆ ಸಾಹೇಬ ಯಾರು ಎಂದಳು ಅವ್ವ.

ಮರುದಿನ ಫೀಸಿಗೆಂದು ಹೋದಾಗ ತಡೆಯಲಾರದೆ ಸಾವ್ಕಾರರನ್ನೇ ಕೇಳಿದೆ. ಇಷ್ಟೆಲ್ಲ ದಾನ ಮಾಡುವವರಿಗೆ ಆ ತೆರಿಗೆ ಯಾವ ಲೆಕ್ಕ ಎಂದು. ಅವರು ಸಿಟ್ಟಾಗಲಿಲ್ಲ, ನಕ್ಕರು.

"ಟ್ಯಾಕ್ಸ್ ಕಟ್ಟಿದವಗ ಯಾರು ಕೈ ಮುಗಿತಾರ, ಹೇಳವ್ವ?"

ಅವರ ಬಾಯಿಂದ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದು. ಫೀಸು ಕೊಟ್ಟರು. ನಾನು ಕೈ ಮುಗಿದೆ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಅವರು ಜಹೀರಾಬಾದಿಗೆ ಒಂದು ಮದುವೆಗೆ ಹೋಗಿದ್ದರು. ಮುಂಜಾನೆಯಿಂದ ಎರಡು ಲಾರಿ ತುಂಬಿದ ಅವ್ವ ಅರವಟ್ಟಿಗೆಗೆ ಬಂದು ನೀರು ಕೇಳಿದಳಂತೆ. ವಾಚ್‌ಮನ್ ಹೊಸಬ. ಸಾವ್ಕಾರರು ಅಲ್ಲಿಂದ ಹೊರಟಾರ, ಈಗ ಬಂದೇ ಬಿಡ್ತಾರ ಎಂದನಂತೆ. ಅವ್ವ ಜಗಳ ಮಾಡುವವಳಲ್ಲ. ತುಂಬಿದ ಕೊಡಗಳ ಎದುರು ನಿಂತು ಕಾದಳು. ಅಲ್ಲೇ ಬಿದ್ದಳು.

ಸಾವ್ಕಾರರು ತಮ್ಮ ಕಾರಿನಲ್ಲೇ ಹೈದರಾಬಾದಿಗೆ ಸಾಗಿಸಿದರು. ದೊಡ್ಡ ದವಾಖಾನೆಯ ಖರ್ಚೆಲ್ಲ ಅವರದೇ. ಮಂಚದ ಬಳಿ ಕೂತು ಅತ್ತರು, ಅದು ನಾಟಕವಲ್ಲ. ಅವ್ವ ಉಳಿದಳು. ಉಷ್ಣ ಮೆದುಳಿಗೆ ಏರಿದೆ ಎಂದರು ಡಾಕ್ಟರು. ಮಾತು ಹೋಯಿತು, ಗುರುತು ಹೋಯಿತು, ನಾನು ಯಾರೆಂಬುದೂ ಹೋಯಿತು. ಕೈ ಮುಗಿಯುವುದೊಂದು ಉಳಿಯಿತು. ಸಿಲಿಂಡರ್ ತರುವವನಿಗೆ ಮುಗಿಯುತ್ತಾಳೆ, ಅಂಗಳಕ್ಕೆ ಬಂದ ಎಮ್ಮೆಗೆ ಮುಗಿಯುತ್ತಾಳೆ. ಊಟ ಮಾಡಿಸಿ ಬಾಯಿ ಒರೆಸಿದರೆ ನನಗೂ ಮುಗಿಯುತ್ತಾಳೆ. ಅದನ್ನು ಮಾತ್ರ ನನಗೆ ನೋಡಲಾಗುವುದಿಲ್ಲ.

ಸಾವ್ಕಾರರು ಈ ಬೇಸಿಗೆಯಲ್ಲಿ ಹೋದರು, ಏಸಿ ಕೋಣೆಯಲ್ಲಿ, ತಣ್ಣಗೆ, ನಿದ್ದೆಯಲ್ಲೇ. ಹೂವಿನ ವಿಮಾನ ಕಟ್ಟಿ, ಅದರಲ್ಲಿ ಕೂಡಿಸಿ, ಹೆಗಲ ಮೇಲೆ ರುದ್ರಭೂಮಿಗೆ ಒಯ್ದರು. ನಾನೀಗ ನಾರಾಯಣಖೇಡದಲ್ಲಿ ಟೀಚರು. ಅವರು ಕಟ್ಟಿದ ಫೀಸಿನಿಂದಲೇ ಬಂದ ಕೆಲಸ, ಅದನ್ನು ಮರೆಯಲಾರೆ. ಮಣ್ಣಿಗೆ ಅವ್ವನನ್ನೂ ಕರೆದುಕೊಂಡು ಹೋದೆ. ರುದ್ರಭೂಮಿಯಲ್ಲೂ ಒಂದು ಗಿಡ ಇಲ್ಲ. ಮಂದಿ ತಲೆಯ ಮೇಲೆ ಟವೆಲ್ ಹಾಕಿಕೊಂಡು, ಬೇಗ ಮುಗಿಸಿ ಎಂದು ಜಂಗಮರನ್ನು ಅವಸರಪಡಿಸುತ್ತಿದ್ದರು.

ಎಲ್ಲ ಮುಗಿದ ಮೇಲೆ ಸಾವ್ಕಾರರ ಹಿರಿಯ ಮಗ ನಮ್ಮ ಹತ್ತಿರ ಬಂದ. ಪುರಸಭೆಯವರು ಆ ತೆರಿಗೆಯ ಮಾತು ಮತ್ತೆ ಎತ್ತಿದ್ದಾರಂತೆ.

"ಅಪ್ಪಾರಿಲ್ಲ ಅಂತ ಧೈರ್ಯ ಬಂದದರಿ ಅವ್ರಿಗೆ. ನಾ ಬಿಡಂಗಿಲ್ಲ. ಅರವಟ್ಟಿಗಿ ನಾನೇ ನಡಸ್ತೀನಿ."

ಅವ್ವ ನನ್ನ ಛತ್ರಿಯ ನೆರಳಿನಿಂದ ಒಂದು ಹೆಜ್ಜೆ ಮುಂದೆ ಹೋಗಿ, ಬಿಸಿಲಲ್ಲಿ ನಿಂತು, ಅವನಿಗೆ ಕೈ ಮುಗಿದಳು.

ಅವನ ಮುಖ ಅರಳಿತು. ಥೇಟ್ ಅಪ್ಪನದೇ ಮುಖ.