ಇಪ್ಪತ್ತೊಂದನೇ ಪುಟ

ಹಳೆಯ ಗೂಢಚಾರ ಕಾದಂಬರಿಗಳ ಮೊದಲ ಮುದ್ರಣಗಳನ್ನು ಕೂಡಿಹಾಕುವುದು ನನ್ನ ಚಟ. ಎರಡನೇ ಮುದ್ರಣ ಬಿಟ್ಟಿ ಕೊಟ್ಟರೂ ಬೇಡ. ಅಥಣಿ, ರಾಯಬಾಗ, ಚಿಕ್ಕೋಡಿಯ ರದ್ದಿ ಅಂಗಡಿಯವರಿಗೆಲ್ಲ ನನ್ನ ಗುರುತಿದೆ. ಪುಸ್ತಕ ಕೈಗೆ ಬಂದೊಡನೆ ನಾನು ಮುದ್ರಣದ ವಿವರ ಹುಡುಕುವುದನ್ನು ಕಂಡು ಒಬ್ಬ, "ಸರ್, ಕಥಿ ಇನ್ನೂ ಮುಂದ ಐತ್ರಿ," ಎಂದು ನಕ್ಕಿದ್ದ.

ಈ ಚಟ ಹಚ್ಚಿದ್ದು ನಮ್ಮೂರು ಉಗಾರ ಬುದ್ರುಕದ ಬಾಡಿಗೆ ಲೈಬ್ರರಿ. ಅದು ಮುಚ್ಚಿ ಎಷ್ಟೋ ವರ್ಷವಾಯಿತು. ಅದರ ಪುಸ್ತಕಗಳು ಲೈಬ್ರರಿಯ ಹೆಸರಿನ ನೇರಳೆ ಶಿಕ್ಕಾ ಹೊತ್ತು ಈಗಲೂ ರದ್ದಿಯಲ್ಲಿ ಸಿಗುತ್ತವೆ. ಅಲ್ಲಿಯ ಓದುಗರಿಗೆ ಒಂದು ರೂಢಿಯಿತ್ತು. ಓದಿದ ಪುಸ್ತಕವನ್ನೇ ಮತ್ತೆ ಒಯ್ಯಬಾರದೆಂದು ಇಪ್ಪತ್ತೊಂದನೇ ಪುಟದ ಅಂಚಿನಲ್ಲಿ ಒಬ್ಬೊಬ್ಬರೂ ತಮ್ಮದೊಂದು ಗುರುತು ಹಾಕುತ್ತಿದ್ದರು. ಆ ಪುಟ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ತಂದವನೇ ರಬ್ಬರ್ ಹಿಡಿದು ಕೂಡುತ್ತಿದ್ದೆ.

ಕಳೆದ ದೀಪಾವಳಿಗೆ ಜುಗೂಳದಿಂದ ಅಕ್ಕ ಬಂದಿದ್ದಳು. ನಾನು ವರ್ಷಗಟ್ಟಲೆ ಹುಡುಕಿದ ಮಾಲೆಯೊಂದರ ಮೊದಲ ಪುಸ್ತಕ, ಅದೂ ಮೊದಲ ಮುದ್ರಣ, ಆಗಷ್ಟೇ ಅಥಣಿಯಲ್ಲಿ ಸಿಕ್ಕಿತ್ತು. ಜಗಲಿಯ ಮೇಲೆ ಕೂತು ಮೂರು ಚುಕ್ಕಿ, ಕೆಳಗೊಂದು ಅಡ್ಡಗೆರೆಯ ಗುರುತನ್ನು ಉಜ್ಜುತ್ತಿದ್ದೆ. ಅಕ್ಕ ಬಗ್ಗಿ ನೋಡಿ ಕೈ ಹಿಡಿಯುವಷ್ಟರಲ್ಲಿ ರಬ್ಬರ್ ಕೊನೆಯ ಚುಕ್ಕಿಯ ಮೇಲೂ ಹಾದುಹೋಗಿತ್ತು.

"ಏ ತಮ್ಮಾ, ಏನ ಮಾಡಾಕತ್ತೀಯೋ? ಅದು ಅವ್ವನ ಗುರ್ತಲೇ!"

"ಅವ್ವಂದಾ? ಇಂಥಾ ಪುಸ್ತಕ ಓದತೀನಂತ ನನ್ನ ಬೈದು ಕಸಗೊಂತಿದ್ಲಲ್ಲ?"

"ಕಸಗೊಂಡು ತಾ ಓದತಿದ್ಲು. ಅಪ್ಪ ಹೊಲಕ್ಕ ಹೋದ ಮ್ಯಾಲೆ. ಬ್ಯಾರೇವು ನಾ ತಂದುಕೊಡ್ತಿದ್ದೆ. ಒಮ್ಮೆ ಪೆನ್ಸಿಲ್ ಸಿಗಲಿಲ್ಲಂತ ನನ್ನ ಸಾಲಿ ಪೆನ್ನೀಲೇ ಹಾಕಿದ್ಲು."

ಅಯ್ಯೋ ದೇವರೇ. ಗೂಢಚಾರಿಕೆ ನಮ್ಮ ಮನೆಯಲ್ಲೇ ನಡೆದಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ. ನಗು ಬಂತು. ಪುಟ ನೋಡಿದೆ, ಬರೀ ಬಿಳಿ. ನಗು ಅಲ್ಲೇ ನಿಂತಿತು.

ಅವ್ವ ಹೋಗಿ ಒಂಬತ್ತು ವರ್ಷ. ಗೋಡೆಯ ಮೇಲೆ ಫೋಟೋ ಇದೆ. ಅವಳ ಕೈಯಿಂದ ಬರೆದದ್ದು ಒಂದಕ್ಷರವೂ ಮನೆಯಲ್ಲಿಲ್ಲ. ಕಪಾಟಿನ ಪುಸ್ತಕಗಳನ್ನೆಲ್ಲ ತೆಗೆದು ಇಪ್ಪತ್ತೊಂದನೇ ಪುಟ ನೋಡಿದೆ. ಎಲ್ಲವನ್ನೂ ಒರೆಸಿದ್ದೆ. ನನ್ನ ಕೈಗೆ ಏನು ಬಂದಿತ್ತೋ! ಅಕ್ಕನ ಎದುರೇ ಅತ್ತುಬಿಟ್ಟೆ.

ಪೆನ್ನಿನ ಮಾತು ಆಮೇಲೆ ನೆನಪಾಯಿತು. ಮೂರು ಚುಕ್ಕಿಯ ಗುರುತು ನೀಲಿ ಮಸಿಯಲ್ಲಿದ್ದ ಒಂದು ಪುಸ್ತಕ ನನ್ನಲ್ಲಿತ್ತು, ಚಟದ ಹೊಸದರಲ್ಲಿ ಮುದ್ರಣ ನೋಡದೆ ತಂದದ್ದು. ಎಷ್ಟು ಉಜ್ಜಿದರೂ ಹೋಗಲಿಲ್ಲವೆಂದು, ಎರಡನೇ ಮುದ್ರಣ ಬೇರೆ ಎಂದು, ನಿಪ್ಪಾಣಿಯ ಗೆಳೆಯರೊಬ್ಬರಿಗೆ ಕೊಟ್ಟಿದ್ದೆ. ಅವರು ನಿವೃತ್ತ ಬಸ್ ಕಂಡಕ್ಟರ್, ನನ್ನಂತೆಯೇ ಈ ಹುಚ್ಚಿನವರು. ಮರುದಿನ ಮುಂಜಾನೆಯೇ ಬಸ್ ಹತ್ತಿದೆ. ದಾರಿಯುದ್ದಕ್ಕೂ ಒಂದೇ ಚಿಂತೆ, ಅವರೂ ಅದನ್ನು ಯಾರಿಗಾದರೂ ದಾಟಿಸಿದ್ದರೆ?

ಪುಸ್ತಕ ಅವರ ಕಪಾಟಿನಲ್ಲೇ ಇತ್ತು. ಆದರೆ ಕೂಡಿಹಾಕುವವರಲ್ಲಿ ಒಂದು ನೇಮವಿದೆ. ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲ, ಬದಲಿಗೊಂದು ಕೊಡಬೇಕು. ನಾನು ಚೀಲದಿಂದ ಅಥಣಿಯ ಮೊದಲ ಮುದ್ರಣ ತೆಗೆದು ಮುಂದಿಟ್ಟೆ. ಅವರೂ ಅದನ್ನು ವರ್ಷಗಳಿಂದ ಹುಡುಕುತ್ತಿದ್ದರು.

"ಹುಚ್ಚ ಹಿಡದೈತೇನ್ರಿ ನಿಮಗ? ಇದು ಎರಡನೇದು ಐತಿ. ಮ್ಯಾಲೆ ಹೊಲಸ ಬ್ಯಾರೆ ಆಗೈತಿ."

"ಆ ಹೊಲಸೇ ಬೇಕಾಗೇತ್ರಿ ನನಗ," ಎಂದೆ. ಕಾರಣ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಪುಸ್ತಕವನ್ನು ಹಿಂದೆ ತಳ್ಳಿದರು. ನೇಮ ನೇಮವೇ ಎಂದು ಅದನ್ನು ಅವರ ಕೈಯಲ್ಲೇ ಇಟ್ಟು, ಅವ್ವನ ಗುರುತಿನದನ್ನು ತೆಗೆದುಕೊಂಡು ಬಂದೆ.

ಚಿಕ್ಕೋಡಿ ದಾಟಿದ ಮೇಲೆ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಆಗ ಪುಟ ತೆಗೆದೆ. ಮೂರು ಚುಕ್ಕಿ, ಕೆಳಗೊಂದು ಅಡ್ಡಗೆರೆ. ನೀಲಿ ಒಂದಿಷ್ಟೂ ಮಾಸಿರಲಿಲ್ಲ. ಅದರ ಸುತ್ತಲಿನ ಕಾಗದ ಮಾತ್ರ ತೆಳ್ಳಗಾಗಿ ಆಚೆ ಪುಟದ ಅಕ್ಷರ ಕಾಣುತ್ತಿತ್ತು. ಅಷ್ಟು ಬಿರುಸಾಗಿ ಉಜ್ಜಿದ್ದೆ ನಾನು.