ಕಂಪನಿಯ ಪೆನ್ನು

"ನಲವತ್ತು ವರ್ಷದಿಂದ ಔಷಧ ಕಂಪನಿಯವರ ಒಂದು ಪೆನ್ನನ್ನೂ ನಾನು ಮುಟ್ಟಿಲ್ಲ" ಎಂದು ದೊಡ್ಡ ಡಾಕ್ಟರು ಬಂದ ರೋಗಿಗಳಿಗೆಲ್ಲ ಹೇಳುತ್ತಿದ್ದರು. ಬಾಯಲ್ಲಿ ಥರ್ಮಾಮೀಟರ್ ಇರುತ್ತಿದ್ದುದರಿಂದ ಯಾರೂ ಎದುರಾಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಇವರಿಗೆ ಪೆನ್ನು ಕೊಡಲು ಯಾವ ಕಂಪನಿಯವನೂ ಬಂದಿರಲಿಲ್ಲ.

ಬರುವವರೆಲ್ಲ ಎದುರಿನ ಚಿಕ್ಕ ಡಾಕ್ಟರ ಮೆಟ್ಟಿಲು ಹತ್ತುತ್ತಿದ್ದರು. ಚಿಕ್ಕ ಡಾಕ್ಟರೆಂದರೆ ಇವರ ಒಡಹುಟ್ಟಿದ ತಮ್ಮ. ಅವನ ಗೋಡೆ ತುಂಬ ಕಂಪನಿ ಗಡಿಯಾರಗಳು. ಹನ್ನೆರಡು ಹೊಡೆದರೆ ಬೀದಿನಾಯಿಗಳೆಲ್ಲ ಊರು ಬಿಟ್ಟು ಓಡುತ್ತಿದ್ದವು. ಮಂಡಿನೋವಿನ ಹೊಸ ಮಾತ್ರೆಯನ್ನು ಹೊಗಳಿ ಭಾಷಣ ಮಾಡಲು ಅವನು ವಿಮಾನ ಹತ್ತಿದ ದಿನ, ಅಣ್ಣನ ಹೊಟ್ಟೆಯಲ್ಲಿ ಎದ್ದ ಉರಿಗೆ ಒಂದು ಬುಟ್ಟಿ ಸಿರಿಂಜು ಕುದಿಸಬಹುದಿತ್ತು.

ಕೊನೆಗೆ ಕಂಪನಿಯ ಪ್ರತಿನಿಧಿ ಒಬ್ಬ ಇವರ ಬಾಗಿಲಿಗೂ ಬಂದ. "ಅದೇ ಮಾತ್ರೆಯ ಪರೀಕ್ಷೆ ಸಾರ್. ಇಪ್ಪತ್ತು ಜನ ರೋಗಿಗಳನ್ನ ಸೇರಿಸಿಕೊಡಿ, ಮುಂದಿನ ಭಾಷಣ ನಿಮ್ದೇ." ಫಾರಂ ಕಟ್ಟಿನ ಮೇಲೆ ಒಂದು ಹೊಳೆಯುವ ಪೆನ್ನನ್ನೂ ಇಟ್ಟ.

"ವಿಮಾನದಲ್ಲಿ ಕಿಟಕಿ ಪಕ್ಕ ತಾನೆ?" ಎಂದಷ್ಟೇ ಡಾಕ್ಟರು ಕೇಳಿದರು.

ಹತ್ತೊಂಬತ್ತು ಜನ ಸಿಕ್ಕರು. ಇಪ್ಪತ್ತನೆಯವರಿಗಾಗಿ ಡಾಕ್ಟರು ಬೀದಿಯಲ್ಲಿ ಕುಂಟುವವರನ್ನೆಲ್ಲ ಕಣ್ಣಲ್ಲೇ ಅಳೆಯುತ್ತಿರುವಾಗ, ಮಂಡಿ ಹಿಡಿದುಕೊಂಡು ಅವರ ಸ್ವಂತ ಅಕ್ಕನೇ ಒಳಗೆ ಬಂದಳು. ಹೆಸರು ಬರೆದದ್ದಾಯಿತು. ಮುಂದಿನ ಸಾಲು: 'ಹೊಟ್ಟೆಹುಣ್ಣು ಇದೆಯೇ? ಇದ್ದವರನ್ನು ಸೇರಿಸಬಾರದು.' ಹೋದ ವರ್ಷ ಅಕ್ಕ ರಕ್ತ ಕಾರಿದಾಗ ಮೂರು ದಿನ ಪಕ್ಕದಲ್ಲಿ ಕೂತಿದ್ದವರು ಇವರೇ. ಆದರೂ ಪೆನ್ನು 'ಇಲ್ಲ' ಅನ್ನುವ ಕಡೆಗೆ ತಾನಾಗಿ ವಾಲಿತು.

"ಏನೋ ಅದು, ಬರೀತಾನೇ ಇದ್ದೀಯ?"

"ನಿನಗೊಂದು ಹೊಸ ಮಾತ್ರೆ ಅಕ್ಕಾ."

"ಕೊಡೋ, ನೀನು ಏನು ಕೊಟ್ರೂ ಕಣ್ಮುಚ್ಚಿ ನುಂಗ್ತೀನಿ. ಚಿಕ್ಕೋನ ಹತ್ರ ಹೋದ್ರೆ ನನ್ನ ಮುಖ ಬಿಟ್ಟು ಗಡಿಯಾರ ನೋಡ್ತಾನೆ."

ಡಾಕ್ಟರು ಅಕ್ಕನ ಹೆಸರಿನ ಮೇಲೆ ಎಳೆದ ಗೆರೆಗೆ ಕೆಳಗಿನ ಮೂರು ಫಾರಂಗಳೂ ಹರಿದವು. ಆಕೆಗೆ ಹಳೆಯ ಮುಲಾಮನ್ನೇ ಕೊಟ್ಟು ಕಳಿಸಿದರು. ಹತ್ತೊಂಬತ್ತಕ್ಕೆ ವಿಮಾನ ಹಾರಲಿಲ್ಲ. ಭಾಷಣ ಮತ್ತೆ ತಮ್ಮನಿಗೇ ಹೋಯಿತು.

ಸೂಟ್‌ಕೇಸ್ ಹಿಡಿದು ಹೊರಟವನು ಬೇಕೆಂದೇ ಅಣ್ಣನ ಬಾಗಿಲಲ್ಲಿ ನಿಂತ. "ಏನಣ್ಣಾ, ಈಗಲೂ ಕಂಪನಿಯವರ ಪೆನ್ನು ಮುಟ್ಟಿಲ್ವಾ?"

ಕಿಟಕಿ ಪಕ್ಕದ ಸೀಟು ನೆನಪಾಗಿ ಡಾಕ್ಟರ ಹೊಟ್ಟೆ ಇನ್ನೊಮ್ಮೆ ಉರಿಯಿತು. ಜೇಬಿನಿಂದ ಪೆನ್ನು ತೆಗೆದು ಅವನ ಕಡೆ ಚಾಚಿದರು.

"ಮುಟ್ಟಿದೆ ಕಣೋ. ನಿನ್ನ ಮಾತ್ರೆಯ ಪರೀಕ್ಷೆಯಿಂದ ಅಕ್ಕನ ಹೆಸರು ಹೊಡೆದುಹಾಕಿದ್ದು ಇದರಲ್ಲೇ. ಇನ್ನೂ ಶಾಯಿ ಇದೆ, ತಗೊಂಡು ಹೋಗು, ಭಾಷಣ ತಿದ್ದೋಕೆ ಬೇಕಾಗುತ್ತೆ."